ಮದ್ದು ಹಾಕಿದ ಕೈ

ನಮ್ಮ ಕಡೆ ಗಂಡಸಿನ ಬುದ್ಧಿ ಕೆಟ್ಟರೆ ಅದಕ್ಕೆ ಮೂರೇ ಕಾರಣ: ಕುಡಿತ, ಮಾಟ, ಹೆಂಡತಿ. ಕುಡಿತವನ್ನು ಮೂಗಿನಿಂದಲೇ ಪತ್ತೆ ಮಾಡಬಹುದು. ಮಾಟಕ್ಕೆ ಒಬ್ಬ ಶತ್ರುವಾದರೂ ಬೇಕು. ಹೆಂಡತಿ ಹಾಗಲ್ಲ, ಹುಡುಕುವ ಕೆಲಸವೇ ಇಲ್ಲ, ಒಲೆಯ ಮುಂದೆ ಕೂತಿರುತ್ತಾಳೆ. ನನ್ನ ಅಕ್ಕನ ಗಂಡನಿಗೆ, ಅಂದರೆ ಭಾವನಿಗೆ, ಮರೆವು ಹತ್ತಿದಾಗ ಶಿಕಾರಿಪುರದ ಅವರ ಮನೆಯವರು ಕಾರಣ ಹುಡುಕಲು ಅಡುಗೆಮನೆಯಿಂದ ಆಚೆ ಹೋಗಲಿಲ್ಲ.

ಭಾವ ದನದ ದಲ್ಲಾಳಿ. ಮನೆಗೆ ಗದ್ದೆಯೂ ಇತ್ತು, ಅದನ್ನು ಅವರ ಅಣ್ಣ ನೋಡಿಕೊಳ್ಳುತ್ತಿದ್ದ. ಆ ಅಣ್ಣನನ್ನು ಎದುರಿಗೆ ‘ದೊಡ್ಡ ಭಾವ, ನೀವು’ ಎಂದೇ ಮಾತಾಡಿಸುತ್ತಿದ್ದೆ. ಬರೆಯುವಾಗ ಆ ಬಹುವಚನ ಕೊಡಲು ನನ್ನ ಕೈ ಬರುತ್ತಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ಒಂದು ಟವೆಲ್ ಬೀಳುತ್ತದೆ. ಅದರಡಿಯಲ್ಲಿ ಬೆರಳು ಹಿಡಿದು, ಮಡಿಸಿ, ಒತ್ತಿ ವ್ಯಾಪಾರ ನಡೆಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಅಲುಗಾಡುವುದು ಮಾತ್ರ. ದಲ್ಲಾಳಿಯಾದವನು ಇವನ ಬೆರಳಿನ ಮಾತನ್ನು ಅವನ ಬೆರಳಿಗೆ ಮುಟ್ಟಿಸಬೇಕು, ಮುಖದಲ್ಲಿ ಏನೂ ತೋರಬಾರದು. ಭಾವ ಇದರಲ್ಲಿ ನಿಸ್ಸೀಮರು. ಹಾವೇರಿ, ರಾಣೆಬೆನ್ನೂರು ಕಡೆಯ ಸಂತೆಗಳಿಗೂ ಅವರನ್ನು ಕರೆಯುತ್ತಿದ್ದರು, ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಲ್ಲಿ ಎಲ್ಲಿ ತಂಗುತ್ತಿದ್ದರು, ಯಾರ ಜೊತೆ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಸಂತೆಗೆ ಹೋದ ಎತ್ತಿನ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಅದನ್ನು ಹೊಡೆದುಕೊಂಡು ಹೋದ ಗಂಡಸಿನದು ಏನನ್ನೂ ನೋಡುವುದಿಲ್ಲ.

ನಾನು ಆಗ ಜಡೆ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಸೊರಬಕ್ಕೆ ಹೋಗಿ, ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದೆ. ಕೀಲಿ ನೋಡದೆ ಹೊಡೆಯಿರಿ, ಬೆರಳಿಗೆ ಗೊತ್ತಿರುತ್ತದೆ ಎಂದು ಹೇಳಿಕೊಡುವುದೇ ನನ್ನ ಕೆಲಸ. ಅಕ್ಕನ ಮನೆಗೆ ಹೋದಾಗ ಭಾವ ತಮಾಷೆಗೆ ಟವೆಲ್ ಹಾಕಿ ನನ್ನ ಬೆರಳು ಹಿಡಿದು, “ಎಷ್ಟು ಹೇಳಿದೆ, ಹೇಳ್ರೀ ಟೀಚರಮ್ಮ” ಎನ್ನುತ್ತಿದ್ದರು. ಒಂದು ಸಲವೂ ನಾನು ಸರಿಯಾಗಿ ಹೇಳಲಿಲ್ಲ. ಅಕ್ಕ ಮಾತ್ರ ಕಲಿತಿದ್ದಳು. ಅತ್ತೆ ಎದುರಿಗೆ ಕೂತಿದ್ದರೂ ಗಂಡ ಹೆಂಡತಿ ಸೆರಗಿನಡಿ ಬೆರಳು ಒತ್ತಿ ಏನೋ ಮಾತಾಡಿಕೊಂಡು ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೊದಲು ಕೆಟ್ಟದ್ದು ಕಾಲು. ಅಂಗಾಲು ಉರಿಯುತ್ತದೆ ಎಂದು ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದರು. ಹೊದಿಕೆ ತಾಗಿದರೂ ಬೆಂಕಿ ತಾಗಿದ ಹಾಗೆ ಚೀರುತ್ತಿದ್ದರು. ಅದೇ ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಒಂದು ದಿನ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಮನೆಯವರೆಲ್ಲ ನಕ್ಕರು, ಭಾವನೂ ನಕ್ಕರು, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ.

ನಿಧಾನ ಎನ್ನುವುದು ಹಾಗೆ ಶುರುವಾಯಿತು. ಮಾತು ಕೇಳಿಸುತ್ತಿತ್ತು, ಉತ್ತರ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಸ್ನಾನಕ್ಕೆ ಹೋಗಿ ಬಚ್ಚಲಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ನಡೆದರೆ ಗದ್ದೆಯ ಬದುವಿನ ಮೇಲೆ ನಡೆದ ಹಾಗೆ ಕಾಲು ಅಗಲಿಸಿ ತಡವರಿಸುತ್ತಿದ್ದರು. ಎತ್ತು, ಹೋರಿ ಎಂದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ ಯಾವುದರ ಮೇಲೂ ಆಸೆ ಇಲ್ಲದೆ ಗೋಡೆ ನೋಡುತ್ತ ಕೂತರು.

ಊರಿನ ಡಾಕ್ಟರು ನಾಡಿ ಹಿಡಿದು, “ನರ ವೀಕ್ ಆಗ್ಯಾವೆ, ಬಿ ಕಾಂಪ್ಲೆಕ್ಸ್ ಹಾಕೋಣ” ಎಂದರು. ಹಾಕಿದರು. ಅವರಿಗೆ ಗೊತ್ತಿದ್ದದ್ದು ಅದೊಂದೇ ಔಷಧಿ ಎಂದು ಕಾಣುತ್ತದೆ, ಕೂದಲು ಉದುರಿದರೂ ಅದೇ, ಮಕ್ಕಳಾಗದಿದ್ದರೂ ಅದೇ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಏಡ್ಸ್ ಪೋಸ್ಟರು ತೂಗುತ್ತಿತ್ತು: ಒಂದು ತಲೆಬುರುಡೆ, ಪಕ್ಕದಲ್ಲಿ ಮೂಳೆ ಚಕ್ಕಳವಾದ ಒಬ್ಬ ಮನುಷ್ಯ. ಭಾವನ ಕೆನ್ನೆ ಆಗಲೂ ತುಂಬಿಕೊಂಡೇ ಇತ್ತು, ಆದ್ದರಿಂದ ಆ ಪೋಸ್ಟರಿಗೂ ಅವರಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಪೋಸ್ಟರು ಬರೆದವನಿಗೂ ಅಷ್ಟೆ. ತಲೆಬುರುಡೆ ಬಿಡಿಸುವಾಗ ಅದರೊಳಗೆ ಮಿದುಳು ಅಂತ ಒಂದು ಇರುತ್ತದೆ ಎಂಬುದು ಅವನಿಗೆ ನೆನಪಾಗಿರಲಿಲ್ಲ.

ಆಮೇಲೆ ಸಂತೆಯಲ್ಲಿ ಆ ಜಗಳವಾಯಿತು. ಕೊಳ್ಳುವವನು ಟವೆಲ್ಲಿನಡಿ ನಾಲ್ಕು ಬೆರಳು ಹಿಡಿದ. ಭಾವ ಮಾರುವವನಿಗೆ ಮೂರು ಎಂದು ದಾಟಿಸಿದರು. ಟವೆಲ್ ತೆಗೆದು ಮಾತು ಹೊರಬಿದ್ದಾಗ ಇಬ್ಬರೂ ಸೇರಿ ಭಾವನ ಕೊರಳಪಟ್ಟಿ ಹಿಡಿದರು. ನಡುವಿನ ಹಣ ನುಂಗಲು ನೋಡಿದ ಎಂದು ಇಡೀ ಸಂತೆ ಹೇಳಿತು. ಭಾವ ತಮ್ಮ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತ ನಿಂತಿದ್ದರಂತೆ. ಆ ದಿನದಿಂದ ಅವರ ಕೈಯ ಮೇಲೆ ಯಾರೂ ಟವೆಲ್ ಹಾಕಲಿಲ್ಲ.

ಕೆಲಸ ಹೋದ ಮೇಲೆ ಅವರು ಅಡುಗೆಮನೆಗೆ ಬಂದು ಕೂರತೊಡಗಿದರು. ಅಕ್ಕನ ಸದ್ದು ಕೇಳುವ ಜಾಗದಲ್ಲಿ ಅವರಿಗೆ ಸಮಾಧಾನ. ಅಕ್ಕ ‘ಏಳಿ’ ಎಂದರೆ ಏಳುತ್ತಿದ್ದರು, ‘ಉಣ್ಣಿ’ ಎಂದರೆ ಉಣ್ಣುತ್ತಿದ್ದರು, ಅವಳು ನೀರಿಗೆ ಹೋದರೆ ಹಿತ್ತಲ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಒಬ್ಬ ಗಂಡಸಿಗೆ ಇದಕ್ಕಿಂತ ದೊಡ್ಡ ರೋಗಲಕ್ಷಣ ಆ ಮನೆಯಲ್ಲಿ ಬೇರೆ ಇರಲಿಲ್ಲ. ಕಾಲು ಉರಿದದ್ದು, ಚಪ್ಪಲಿ ಬಿದ್ದದ್ದು, ಮಾತು ತಡವಾದದ್ದು ಯಾವುದೂ ಅವರನ್ನು ಹೆದರಿಸಿರಲಿಲ್ಲ. ಹೆಂಡತಿಯ ಮಾತಿಗೆ ಹೂಂಗುಟ್ಟಿದ್ದು ಹೆದರಿಸಿತು.

“ಸಂತೆಗೇ ಬುದ್ಧಿ ಹೇಳ್ತಿದ್ದೋನು ಈಗ ಒಲೆ ಮುಂದೆ ಬೆಕ್ಕಿನಂಗೆ ಕೂತಾನೆ,” ಎಂದರು ಅಕ್ಕನ ಅತ್ತೆ. “ನನ್ ಮಗಂಗೆ ಮದ್ದು ಹಾಕ್ಯಾಳೆ.”

ಮದ್ದು ಎಂದರೆ ನಮ್ಮಲ್ಲಿ ಔಷಧಿಯಲ್ಲ. ಗಂಡ ಹೇಳಿದ ಹಾಗೆ ಕೇಳಲಿ ಎಂದು ಹೆಂಗಸು ಅನ್ನದಲ್ಲಿ ಕಲಸಿ ಕೊಡುತ್ತಾಳೆನ್ನುವ ವಿಷ. ತಿಂದವನು ಸಾಯುವುದಿಲ್ಲ, ನಿಧಾನಕ್ಕೆ ಮಂಕಾಗುತ್ತಾನೆ, ಹಾಕಿದವಳ ಹಿಂದೆ ಕರುವಿನ ಹಾಗೆ ತಿರುಗುತ್ತಾನೆ. ಅದರಲ್ಲಿ ಏನಿರುತ್ತದೆ ಎಂದು ಕೇಳಿದರೆ ಒಬ್ಬರು ಊಸರವಳ್ಳಿ ಎನ್ನುತ್ತಾರೆ, ಒಬ್ಬರು ಮಸಣದ ಬೂದಿ ಎನ್ನುತ್ತಾರೆ. ಕಂಡವರು ಒಬ್ಬರೂ ಇಲ್ಲ. ಅಂಥ ಮದ್ದು ನಿಜವಾಗಿ ಇದ್ದಿದ್ದರೆ ನಮ್ಮ ತಾಲ್ಲೂಕಿನ ಹೆಂಗಸರು ಇಷ್ಟು ಏಟು ತಿನ್ನುತ್ತಿರಲಿಲ್ಲ ಎಂಬಷ್ಟು ಲೆಕ್ಕವೂ ಯಾರ ತಲೆಗೂ ಬರುವುದಿಲ್ಲ.

ಮದ್ದು ಇದ್ದ ಮೇಲೆ ಅದನ್ನು ತೆಗೆಯುವವನೂ ಇರಬೇಕಲ್ಲ. ಅಂಬ್ಲಿಗೊಳದಿಂದ ಆಚೆ ಒಂದು ಹಳ್ಳಿಯಲ್ಲಿ ಒಬ್ಬನಿದ್ದ. ಒಂದು ಭಾನುವಾರ ದೊಡ್ಡ ಭಾವ, ಅತ್ತೆ, ಭಾವ, ಅಕ್ಕ ಎಲ್ಲರೂ ಹೊರಟರು. ಅಕ್ಕ ಕರೆದಳೆಂದು ನಾನೂ ಹೋದೆ. ಜಗುಲಿಯ ತುಂಬ ಜನ, ಒಳ್ಳೊಳ್ಳೆಯ ಇಸ್ತ್ರಿ ಬಟ್ಟೆ ಹಾಕಿಕೊಂಡವರೇ. ಓದಿದವರಿಗೆ ಈ ಮೂಢತನ ಇಲ್ಲ ಎಂದು ಹೇಳುವವರನ್ನು ಆ ಜಗುಲಿಯಲ್ಲಿ ಒಂದು ದಿನ ಕೂರಿಸಬೇಕು.

ಅವನ ಪರೀಕ್ಷೆ ಹೀಗೆ: ಒಂದು ಬಟ್ಟಲಲ್ಲಿ ಹಸಿರು ರಸ. ಅದನ್ನು ರೋಗಿಯ ಅಂಗೈಗೆ ಹಾಕುತ್ತಾನೆ. ಹೊಟ್ಟೆಯಲ್ಲಿ ಮದ್ದು ಇದ್ದರೆ ರಸ ಹೆಪ್ಪುಗಟ್ಟುತ್ತದೆ, ಇಲ್ಲದಿದ್ದರೆ ಹರಿದುಹೋಗುತ್ತದೆ. ಭಾವನ ಅಂಗೈಗೆ ಹಾಕಿದ. ಭಾವ ಅದನ್ನೂ ಯಾವುದೋ ಎತ್ತಿನ ವಿಷಯ ಎಂದುಕೊಂಡರೋ ಏನೋ, ಕೈ ಅಲುಗಿಸದೆ ಹಿಡಿದುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ರಸ ಗಟ್ಟಿ ಮೊಸರಿನ ಹಾಗೆ ನಿಂತಿತು. ಅತ್ತೆ ಎದೆ ಬಡಿದುಕೊಂಡು ಅಳತೊಡಗಿದರು. ಅಕ್ಕ ನೆಲ ನೋಡುತ್ತಿದ್ದಳು.

ನನ್ನ ಮೂಗಿಗೆ ಆ ವಾಸನೆ ಗುರುತು ಹತ್ತಿತು. ದಾಗಡಿ ಬಳ್ಳಿಯ ಸೊಪ್ಪು. ಬೇಸಿಗೆಯಲ್ಲಿ ನಮ್ಮ ಅಮ್ಮ ಅದನ್ನು ನೀರಿನಲ್ಲಿ ಕಿವುಚಿ, ಸೋಸಿ, ಬೆಲ್ಲ ಹಾಕಿ ಇಡುತ್ತಿದ್ದಳು. ಅದು ತಾನಾಗಿ ಹೆಪ್ಪುಗಟ್ಟುತ್ತಿತ್ತು, ದೇಹಕ್ಕೆ ತಂಪು ಎಂದು ನಾವು ಚಮಚದಲ್ಲಿ ತಿನ್ನುತ್ತಿದ್ದೆವು.

“ಇದು ದಾಗಡಿ ಸೊಪ್ಪು,” ಎಂದೆ ಗಟ್ಟಿಯಾಗಿ. “ಯಾರ ಕೈಗೆ ಹಾಕಿದ್ರೂ ಹೆಪ್ಪುಗಟ್ತದೆ. ಕಲ್ಲಿನ ಮೇಲೆ ಹಾಕಿದ್ರೂ ಹೆಪ್ಪುಗಟ್ತದೆ. ದೊಡ್ಡ ಭಾವ, ನಿಮ್ಮ ಕೈ ಕೊಡಿ.”

ಅವನು ಬೇಡ ಎನ್ನುವ ಮೊದಲೇ ಬಟ್ಟಲು ಎತ್ತಿ ಅವನ ಅಂಗೈಗೆ ಸುರಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಈಗ ಎಲ್ಲರಿಗೂ ಕಾಣುತ್ತದೆ ಎಂದುಕೊಂಡೆ. ಜಗುಲಿಯವರೆಲ್ಲ ಕತ್ತು ಚಾಚಿದರು. ರಸ ನಿಧಾನಕ್ಕೆ ನಿಂತಿತು, ಗಟ್ಟಿಯಾಯಿತು. ಕೈ ಓರೆ ಮಾಡಿದರೂ ಜಾರಲಿಲ್ಲ. ದೊಡ್ಡ ಭಾವನ ಮುಖ ಬಿಳಿಚಿಕೊಂಡಿತು. ಅವನು ಕೈಯನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಕೈಯನ್ನು ನೋಡಿದ.

“ಅಯ್ಯೋ ಶಿವನೇ,” ಎಂದ. “ನಂಗೂ ಹಾಕ್ಯಾಳೆ!”

ಮದ್ದು ತೆಗೆಯುವವನಿಗೆ ಹೋದ ಜೀವ ಬಂದ ಹಾಗಾಯಿತು. “ನಾನು ಆಗ್ಲೇ ಹೇಳಾಣ ಅಂತಿದ್ದೆ ಸಾವ್ಕಾರ್ರೆ,” ಎಂದ. “ನಿಮ್ಮ ಕಣ್ಣಾಗೇ ಕಾಣ್ತಿತ್ತು.” ಆಮೇಲೆ ಅತ್ತೆಯ ಅಂಗೈ. ಅಲ್ಲೂ ಹೆಪ್ಪು. ನಾನು ನನ್ನ ಕೈಗೆ ಹಾಕಿಕೊಂಡು ಎತ್ತಿ ತೋರಿಸಿದೆ, ಅಕ್ಕನ ಕೈಗೂ ಹಾಕಿ ತೋರಿಸಿದೆ, ಯಾರೂ ಈ ಕಡೆ ತಿರುಗಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಂದು ಕೇಳಿದ್ದೆ, ಆ ದಿನ ಕಣ್ಣಾರೆ ಕಂಡೆ. ಮೂರ್ಖನಿಗೆ ಪುರಾವೆ ಕೊಡಬಾರದು. ಕೊಟ್ಟರೆ ಅದನ್ನೂ ತನ್ನ ಮಾತಿಗೇ ಸೇರಿಸಿಕೊಳ್ಳುತ್ತಾನೆ.

ಮೂವರಿಗೂ ವಾಂತಿಯ ಕಷಾಯ ಕುಡಿಸಿದರು. ದೊಡ್ಡ ಭಾವ ಹಿತ್ತಲಲ್ಲಿ ಬಗ್ಗಿ ಕಕ್ಕಿ, ಬೆಳಿಗ್ಗೆ ತಿಂದ ಮಂಡಕ್ಕಿಯ ಮುದ್ದೆಯನ್ನು ಕಡ್ಡಿಯಲ್ಲಿ ಕೆದಕಿ “ಇದೇ, ಇದೇ” ಎಂದು ಎಲ್ಲರಿಗೂ ತೋರಿಸಿದ. ದೇಹ ಹಗುರವಾಯಿತು, ದೃಷ್ಟಿ ಚುರುಕಾಯಿತು ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಅವನ ಬುದ್ಧಿ ಮೊದಲಿನಷ್ಟೇ ಇತ್ತು ಎಂಬುದಕ್ಕೆ ನಾನು ಸಾಕ್ಷಿ. ಆದರೆ ಭಾವನಿಗೆ ಆ ಕಷಾಯ ತಡೆಯಲಿಲ್ಲ. ಬರಿ ಹೊಟ್ಟೆಯಲ್ಲಿ ಓಕರಿಸಿ ಓಕರಿಸಿ ಕಣ್ಣು ಮೇಲೆ ಮಾಡಿದರು. ಮನೆಗೆ ಎತ್ತಿಕೊಂಡು ಬರಬೇಕಾಯಿತು.

ಮಾರನೆಯ ದಿನದಿಂದ ಅಕ್ಕ ಒಲೆ ಮುಟ್ಟುವ ಹಾಗಿರಲಿಲ್ಲ. ನೀರಿನ ಕೊಡ, ಹಿಟ್ಟಿನ ಡಬ್ಬ, ಮಜ್ಜಿಗೆಯ ಗಡಿಗೆ ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ. ಆ ಮನೆಗೆ ಮದುವೆಯಾಗಿ ಬಂದಂದಿನಿಂದ ಅವಳೇ ರೊಟ್ಟಿ ತಟ್ಟಿದವಳು, ಆ ರೊಟ್ಟಿ ತಿಂದೇ ದೊಡ್ಡ ಭಾವನಿಗೆ ಆ ಹೊಟ್ಟೆ ಬಂದದ್ದು. ಈಗ ಅವಳು ಹಾದುಹೋದರೆ ಅವನ ಹೆಂಡತಿ ತನ್ನ ಮಕ್ಕಳ ತಟ್ಟೆಗೆ ಸೆರಗು ಮುಚ್ಚುತ್ತಿದ್ದಳು. ತೌರಿಗೆ ಹೋಗು ಎಂದು ದಿನಾ ಒಂದಲ್ಲ ಒಂದು ಬಾಯಿ ಹೇಳುತ್ತಿತ್ತು.

“ಬಾ ಅಕ್ಕ, ಹೋಗೋಣ,” ಎಂದೆ. “ಈ ಮನೆ ಅನ್ನ ಯಾಕೆ ನಿಂಗೆ?”

“ನಾನು ಈಗ ಬಂದೆ ಅಂದ್ರೆ ಹಾಕಿದ್ದು ಹೌದು ಅಂತ ಆಗ್ತದಲ್ಲ ಮಾರಾಯ್ತಿ,” ಎಂದಳು. “ಇವ್ರಿಗೆ ಎಂತ ಆಗಿದೆ ಅಂತ ಗೊತ್ತಾಗ್ಲಿ. ನನ್ ಕೈ ಎಂತದೂ ಮಾಡಿಲ್ಲ ಅಂತ ಒಬ್ರಾದ್ರೂ ಬಾಯ್ಬಿಟ್ಟು ಹೇಳ್ಲಿ. ಆಮೇಲೆ ಬರ್ತಿನಿ.”

ಅವಳಿಗೆ ಬೇಕಾಗಿದ್ದು ಅಷ್ಟೇ. ಆಸ್ತಿಯಲ್ಲ, ಪಾಲಲ್ಲ. ಅವಳ ಕೈ ಶುದ್ಧ ಎನ್ನುವ ಒಂದು ಮಾತು.

ಮದ್ದು ತೆಗೆಸಿದರೂ ಮಗ ಏಳಲಿಲ್ಲವಾದ್ದರಿಂದ ಆ ಮನೆಯವರ ಉತ್ಸಾಹ ಇಳಿಯಿತು. ನಾವಿಬ್ಬರೇ ಭಾವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದಾಗ ಯಾರೂ ತಡೆಯಲಿಲ್ಲ, ಯಾರೂ ಬಸ್ ಸ್ಟ್ಯಾಂಡಿನವರೆಗೂ ಬರಲಿಲ್ಲ.

ಅಲ್ಲಿ ನರದ ಡಾಕ್ಟರೊಬ್ಬರು ನೋಡಿದರು. ಭಾವನ ಕಾಲು ಬೆರಳಿಗೆ ಕಂಪಿಸುವ ಕಬ್ಬಿಣದ ಕವಲು ಇಟ್ಟು “ಗುಂಯ್ ಅನ್ನೋದು ತಿಳೀತಾ?” ಎಂದು ಕೇಳಿದರು. ಭಾವನಿಗೆ ತಿಳಿಯಲಿಲ್ಲ, ಮೊಣಕಾಲ ಹತ್ತಿರ ಬಂದ ಮೇಲೆ ತಿಳಿಯಿತು. ಹೆಬ್ಬೆರಳು ತೋರುಬೆರಳು ಬೇಗ ಬೇಗ ತಟ್ಟಿ ಎಂದರು. ಟವೆಲ್ಲಿನಡಿ ಮಿಂಚಿನ ಹಾಗೆ ಓಡುತ್ತಿದ್ದ ಆ ಬೆರಳುಗಳು ಒಂದನ್ನೊಂದು ಹುಡುಕಿಕೊಂಡು ಹೋಗುವುದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಗೆ ಡಾಕ್ಟರು ಮೂರು ಮಾತು ಹೇಳಿದರು: ಹಸು, ಬಾವಿ, ಕೊಡೆ. ಇವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದರು. ಕೇಳಿದಾಗ ಭಾವ ಬಹಳ ಹೊತ್ತು ಯೋಚಿಸಿದರು.

“ಹಸು,” ಎಂದರು. ಆಮೇಲೆ ಡಾಕ್ಟರನ್ನೇ ಕೇಳಿದರು, “ಎಷ್ಟು ಹಲ್ಲಿಂದ್ರಿ?”

ಡಾಕ್ಟರು ನಗಲಿಲ್ಲ. ರಕ್ತಕ್ಕೆ ಬರೆದುಕೊಟ್ಟರು. ಫಲಿತಾಂಶ ತಂದ ಲ್ಯಾಬಿನವನು ಆ ಹಾಳೆಯನ್ನು ಎರಡು ಬೆರಳ ಉಗುರಿನಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದುಕೊಂಡು ಬಂದ. ಕಾಗದದಿಂದ ಅಂಟುವುದಿಲ್ಲ ಎಂದು ಲ್ಯಾಬಿನಲ್ಲಿ ಕೆಲಸ ಮಾಡುವವನಿಗೇ ಗೊತ್ತಿಲ್ಲದಿದ್ದರೆ ಶಿಕಾರಿಪುರದ ಅತ್ತೆಯನ್ನು ಬೈದು ಏನು ಉಪಯೋಗ. ಆದರೂ ಬೈಯುತ್ತೇನೆ.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಬಾಗಿಲು ಹಾಕಿ ಹೇಳಿದರು. “ಎಚ್‌ಐವಿ ಅಂದ್ರೆ ಜನ ಮೈ ಸೊರಗೋದನ್ನ ಮಾತ್ರ ನೋಡ್ತಾರೆ. ಅದು ಬಹಳ ಮೊದಲೇ ರಕ್ತದ ಜೊತೆ ಮಿದುಳಿಗೂ ಹೋಗಿರ್ತದೆ. ಅಲ್ಲಿ ನರಕೋಶಗಳನ್ನ ನೇರವಾಗಿ ಮುಟ್ಟಲ್ಲ. ಅವುಗಳ ಸುತ್ತ ಕಾವಲಿಗೆ ಅಂತ ಬೇರೆ ಕಣಗಳಿರ್ತಾವೆ, ಅದರೊಳಗೆ ಸೇರ್ಕೊಂಡು ಕೂರ್ತದೆ. ಆ ಕಾವಲಿನ ಕಣಗಳೇ ವಿಷ ಬಿಡೋಕೆ ಶುರು ಮಾಡ್ತಾವೆ, ಪಕ್ಕದ ನರ ಸಾಯ್ತಾವೆ. ಅದಕ್ಕೇ ಮರೆವು, ಮಂಕು, ಯಾವುದೂ ಬೇಡ ಅನ್ನೋದು. ಕಾಲು ಕೈಗೆ ಹೋಗೋ ಉದ್ದದ ನರಗಳೂ ತುದಿಯಿಂದ ಕೆಡ್ತಾ ಬರ್ತಾವೆ. ಅದಕ್ಕೇ ಉರಿ, ಅದಕ್ಕೇ ಜೋಮು. ಸಂತೆಯಲ್ಲಿ ಅವರು ಮೋಸ ಮಾಡಿಲ್ಲ. ನಾಲ್ಕು ಬೆರಳು ಹಿಡಿದದ್ದು ಅವರಿಗೆ ನಾಲ್ಕು ಅಂತ ಮುಟ್ಟಲೇ ಇಲ್ಲ.”

ಇದಕ್ಕೆ ವಿದೇಶದಲ್ಲಿ ಮಾತ್ರೆಗಳು ಬಂದಿವೆ, ನಮ್ಮಂಥವರ ಕೈಗೆ ಇನ್ನೂ ಎಟುಕುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಅಕ್ಕ ಅಳುತ್ತಾಳೆ ಎಂದು ನಾನು ಅವಳ ಕೈ ಹಿಡಿದೆ. ಅವಳು ಅಳಲಿಲ್ಲ.

“ಹಂಗಾರೆ ಡಾಕ್ಟ್ರೇ,” ಎಂದಳು, “ಇದು ಊಟದಾಗೆ ಹೋಗೋದಲ್ಲ ಅಲ್ದಾ?”

“ಅಲ್ಲಮ್ಮ. ಊಟದಿಂದ ಬರಲ್ಲ.”

“ಇನ್ನೊಂದ್ಸಲ ಹೇಳಿ.”

“ಊಟದಿಂದ ಬರಲ್ಲ,” ಎಂದರು ಡಾಕ್ಟರು, ಸ್ವಲ್ಪ ಗಾಬರಿಯಾಗಿ. “ನಿಮ್ಮ ರಕ್ತಾನೂ ನೋಡ್ಬೇಕಾಗ್ತದೆ ಅಮ್ಮ.”

ನೋಡಿದರು. ಅವಳಿಗೂ ಇತ್ತು. ಸಂತೆಯಿಂದ ಭಾವ ಹೊತ್ತು ತಂದದ್ದು ಅವಳಿಗೂ ಬಂದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಅವಳ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಿದ್ದರು. ನನಗೆ ಆ ತಲೆಯನ್ನು ಆಚೆ ತಳ್ಳು ಎನ್ನುವಷ್ಟು ಸಿಟ್ಟು ಬಂತು. ಅಕ್ಕನ ಮುಖದಲ್ಲಿ ಮಾತ್ರ ಬಹಳ ದಿನದಿಂದ ಕಾಣದ ಒಂದು ನಿರಾಳ ಇತ್ತು. “ನಂದು ಆಮೇಲೆ ನೋಡಾಣ,” ಎಂದಳು. “ಮೊದ್ಲು ಹೋಗಿ ಅವ್ರಿಗೆ ಹೇಳ್ಬೇಕು, ನಾನು ಹಾಕಿದ್ದಲ್ಲ ಅಂತ.”

ಹೇಳಿದೆವು. ದೊಡ್ಡ ಭಾವ ಬಾಗಿಲು ಹಾಕಿ, ಕಿಟಕಿಯನ್ನೂ ಮುಚ್ಚಿ ಕೇಳಿಸಿಕೊಂಡ. ಎಲ್ಲ ಕೇಳಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ.

“ಇದನ್ನ ಬೇರೆ ಯಾರಿಗಾದ್ರೂ ಹೇಳೀರೇನು?”

ಇಲ್ಲ ಎಂದೆವು. ಅವನು ಉಸಿರು ಬಿಟ್ಟ.

“ಮದ್ದು ಅಂತ ಊರಿಗೆಲ್ಲ ಗೊತ್ತೈತೆ. ಅದೇ ಇರ್ಲಿ,” ಎಂದ. “ಹೆಂಡ್ತಿ ಕೈಯಾಗೆ ಕೆಟ್ಟ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಈ ಕಾಯ್ಲೆ ಅಂದ್ರೆ ನಮ್ಮ ಮನ್ಯಾಗೆ ನೀರು ಕುಡಿಯಲ್ಲ. ನನ್ ಮಗಳನ್ನ ಯಾರು ಮಾಡ್ಕೊಂತಾರೆ?”

“ಅಂದ್ರೆ ಅಕ್ಕ ಹಾಕಿಲ್ಲ ಅಂತ ನಿಮಗೆ ಗೊತ್ತಾಯ್ತಲ್ಲ?” ಎಂದೆ.

“ಗೊತ್ತಾಗೋದು ಬ್ಯಾರೆ, ಹೇಳೋದು ಬ್ಯಾರೆ ಕಣಮ್ಮ.”

ನಾನು ಅತ್ತೆಯ ಕಡೆ ನೋಡಿದೆ. ಹೆಂಗಸಾಗಿಯಾದರೂ ಒಂದು ಮಾತು ಆಡಿಯಾರು ಎಂದು. ಅತ್ತೆ ಮಗನ ತಲೆ ಸವರುತ್ತ, “ನನ್ ಮಗ ಅಂಥಾವ್ನಲ್ಲ,” ಎಂದರು. “ಶಿವಮೊಗ್ಗದೋರು ಏನ್ ಬೇಕಾದ್ರೂ ಬರ್ಕೊಡ್ತಾರೆ.” ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕೋತಿಯಾದರೂ ಮೇಕೆ ತಿಂದಿತು ಎಂದು ತಾನೇ ನಂಬುವುದಿಲ್ಲ. ಇವರು ಒರೆಸಿದ್ದೂ ಅಲ್ಲದೆ ನಂಬಿಯೂ ಬಿಟ್ಟರು.

ಮದ್ದು ಮದ್ದು ಎಂದು ಇಷ್ಟು ದಿನ ಅಕ್ಕನನ್ನು ಹೊರಗೆ ಹಾಕಲು ನೋಡಿದವನು ಈಗ ಬೇರೆ ಒಪ್ಪಂದ ಮುಂದಿಟ್ಟ. ಅಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಹಿತ್ತಲ ಕೋಣೆಯಲ್ಲಿ ಗಂಡನ ಜೊತೆ ಇರಬಹುದು. ಅಲ್ಲೇ ಬೇರೆ ಒಲೆ ಹಾಕಿಕೊಳ್ಳಬಹುದು. ಅವರನ್ನು ತೊಳೆಯುವುದು ಬಳಿಯುವುದು ಅವಳದೇ. ಊರಿನವರು ಏನಂದರೂ ಎದುರಾಡಬಾರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಕೇಳಿದ್ದೇವೆ. ಎಮ್ಮೆ ಆ ಬರೆಯ ಜೊತೆ ಎತ್ತಿನ ಗಂಜಲವನ್ನೂ ಬಾಚಬೇಕು ಎಂದು ಹೇಳಿದವನು ಇವನೊಬ್ಬನೇ.

“ಒಪ್ಪಬೇಡ,” ಎಂದೆ. “ಬೀದಿಗೆ ನಿಂತು ನಾನು ಹೇಳ್ತೀನಿ. ಇಡೀ ಶಿಕಾರಿಪುರಕ್ಕೆ ಕೇಳಿಸೋ ಹಂಗೆ ಹೇಳ್ತೀನಿ.”

“ನೀ ಸುಮ್ನಿರು ತಂಗಿ,” ಎಂದಳು ಅಕ್ಕ. “ನಾನು ಹೋದ್ರೆ ಇವ್ರಿಗೆ ಒಂದು ತುತ್ತು ಹಾಕೋರು ಯಾರು? ಈ ಮನೆಯೋರು ಹಾಕ್ತಾರಾ?” ಅವಳು ನಿಧಾನವಾಗಿ ಭಾವನನ್ನು ಎಬ್ಬಿಸಿಕೊಂಡು ಹಿತ್ತಲ ಕಡೆ ನಡೆದಳು. ಯಾವ ಒಂದು ಮಾತಿಗಾಗಿ ಅಷ್ಟು ದಿನ ಕಾದಿದ್ದಳೋ ಆ ಮಾತನ್ನು ಅಲ್ಲೇ ಆ ಮುಚ್ಚಿದ ಕೋಣೆಯಲ್ಲಿ ಬಿಟ್ಟು ಹೋದಳು.

ಭಾವ ಒಂದು ವರ್ಷಕ್ಕೂ ಹೆಚ್ಚು ಬದುಕಿದರು. ಕಡೆಕಡೆಗೆ ಅಕ್ಕನ ಹೆಸರು ಮರೆತರು. ಅಮ್ಮ ಯಾರು, ಅಣ್ಣ ಯಾರು ಎಂಬುದು ಮೊದಲೇ ಹೋಗಿತ್ತು, ಅದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ. ಬೆರಳಿನ ಅಭ್ಯಾಸ ಮಾತ್ರ ಹೋಗಲಿಲ್ಲ. ಟವೆಲ್ ಸಿಕ್ಕರೆ ಅದನ್ನು ತಮ್ಮ ಕೈಯ ಮೇಲೆ ಹಾಕಿಕೊಂಡು ಅಡಿಯಲ್ಲಿ ತಡಕುತ್ತಿದ್ದರು. ಅಕ್ಕ ತನ್ನ ಕೈ ಒಳಗಿಡುತ್ತಿದ್ದಳು. ಅವರು ಅವಳ ಬೆರಳುಗಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ಏನೇನೋ ಒತ್ತುತ್ತಿದ್ದರು. ಅದಕ್ಕೆ ಅರ್ಥವಿರಲಿಲ್ಲ.

“ಎಂತ ಹೇಳ್ತಾರೆ?” ಎಂದು ಒಂದು ಸಲ ಕೇಳಿದೆ.

“ಎಂತದೂ ಇಲ್ಲ,” ಎಂದಳು. ಆಮೇಲೆ ಅವರ ಮುಖದ ಹತ್ತಿರ ಬಗ್ಗಿ, “ಆಯ್ತು, ಕೊಟ್ಟೆ, ಹೊಡ್ಕೊಂಡು ಹೋಗಿ,” ಎಂದಳು. ಭಾವನ ಮುಖ ಸಂತೆ ಮುಗಿಸಿದವರ ಹಾಗೆ ಸಡಿಲವಾಯಿತು. ಆ ಮನುಷ್ಯನನ್ನು ಕ್ಷಮಿಸಬಾರದು ಎಂದು ನಾನು ತೀರ್ಮಾನ ಮಾಡಿದ್ದೆ. ಆ ಹೊತ್ತಿನಲ್ಲಿ ಅದು ಕಷ್ಟವಾಯಿತು ಎಂದಷ್ಟೇ ಹೇಳಬಲ್ಲೆ.

ಅವರು ತೀರಿಕೊಂಡ ಮೇಲೆ ಹಿತ್ತ‌ಲ ಕೋಣೆಯ ಒಲೆಯನ್ನು ಒಡೆದು ಹಾಕಿ ಅಕ್ಕನನ್ನು ನಮ್ಮ ಮನೆಗೆ ಕಳಿಸಿದರು. ಜಡೆಯ ಬಸ್ಸಿನಲ್ಲಿ ಅವಳಿಗಿಂತ ಮೊದಲೇ ಅವಳ ಕೀರ್ತಿ ಬಂದು ಇಳಿದಿತ್ತು. ನಮ್ಮೂರ ದೇವಸ್ಥಾನದಲ್ಲಿ ಪರವಿನ ದಿನ ಊರೂಟಕ್ಕೆಂದು ಹೆಂಗಸರೆಲ್ಲ ಸೇರಿ ತರಕಾರಿ ಹೆಚ್ಚುತ್ತಾರೆ. ಅಕ್ಕ ಈಳಿಗೆಮಣೆ ಎಳೆದುಕೊಂಡು ಕೂತಳು. ಒಬ್ಬಳು ಬಂದು ಬಹಳ ವಿನಯದಿಂದ, “ನೀವು ಹೂ ಕಟ್ರಿ ಅಕ್ಕಾ, ಅಡಿಗಿ ಕೆಲ್ಸ ನಾವ್ ನೋಡ್ಕಂತೀವಿ,” ಎಂದಳು. ಅಕ್ಕ ಹೂ ಕಟ್ಟಿದಳು. ಆಮೇಲೆ ಅಲ್ಲಿಗೂ ಹೋಗುವುದನ್ನು ಬಿಟ್ಟಳು. ಶಿಕಾರಿಪುರದಲ್ಲಿ ದೊಡ್ಡ ಭಾವನ ಮಗಳ ಮದುವೆ ಚೆನ್ನಾಗಿಯೇ ನಡೆಯಿತು ಎಂದು ಕೇಳಿದೆವು. ನಮಗೆ ಕರೆ ಬರಲಿಲ್ಲ.

ಅಕ್ಕ ಅಡುಗೆ ಮಾಡಿದರೆ ಉಣ್ಣುವವರು ಅಮ್ಮ ಮತ್ತು ನಾನು. ಕೆಲವು ವರ್ಷ ಹಾಗೇ ಸಾಗಿತು. ಒಂದು ಬೇಸಿಗೆಯಲ್ಲಿ ಅವಳು ಬಕೆಟ್ಟಿಗೆ ನೀರು ತುಂಬಿಕೊಂಡು ಬಂದು, ಅಡುಗೆಮನೆಯ ಮೂಲೆಯಲ್ಲಿ ಕೂತು, ಎರಡೂ ಕಾಲನ್ನು ಅದರಲ್ಲಿ ಇಳಿಬಿಟ್ಟಳು. ನಾನು ನೋಡಿದೆ. ಅವಳು ನಾನು ನೋಡಿದ್ದನ್ನು ನೋಡಿದಳು.

ಭಾವನಿಗೆ ಮಂಕು ಹಿಡಿದಾಗ ಯಾರು ಮದ್ದು ಹಾಕಿದರು ಎಂದು ಎರಡು ತಾಲ್ಲೂಕು ಕೇಳಿತ್ತು. ಅಕ್ಕ ಬಾಗಿಲ ಮೇಲೆ ಕೈಯೂರಿ ನಡೆಯತೊಡಗಿದಾಗ, ಅಂಗಡಿಗೆ ಹೋಗಿ ಏನು ಬೇಕೆಂದು ಮರೆತು ಬರಿಗೈಯಲ್ಲಿ ಬಂದಾಗ, ಇವಳಿಗೆ ಹಾಕಿದವರು ಯಾರು ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಅತ್ತೆ ಯಾರದೋ ಬಾಯಲ್ಲಿ ಹೇಳಿ ಕಳಿಸಿದ ಮಾತು ನಮ್ಮ ಜಗುಲಿಯವರೆಗೂ ಬಂದು ಮುಟ್ಟಿತು: “ಕಲಸಿದ ಕೈಗೆ ತಗಲದೆ ಇರ್ತದಾ?”

ಆ ಮಾತು ತಂದವಳನ್ನು ನಾನು ಹೊಸ್ತಿಲ ಮೇಲೆಯೇ ನಿಲ್ಲಿಸಿ ಚೆನ್ನಾಗಿ ಬೈದು ಕಳಿಸಿದೆ. ಒಳಗೆ ಬಂದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಬಿಡು. ಊಟ ಮಾಡು ಬಾ,” ಎಂದಳು.

ತಟ್ಟೆಗೆ ಅನ್ನ ಬಡಿಸಿದಳು, ಸಾರು ಹಾಕಿದಳು. ಉಪ್ಪಿನ ಡಬ್ಬ ತೆಗೆದು ಒಂದು ಚಿಟಿಕೆ ಹಾಕಿ ಮುಚ್ಚಿಟ್ಟಳು. ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದು, ಮತ್ತೆ ಡಬ್ಬ ತೆಗೆದು ಇನ್ನೊಂದು ಚಿಟಿಕೆ ಹಾಕಿದಳು. ಆಮೇಲೆ ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತನ್ನ ಕೈಯಲ್ಲೇ ಕಲಸತೊಡಗಿದಳು. ಬೆರಳುಗಳಿಗೆ ಅನ್ನ ಸಿಗುತ್ತಿರಲಿಲ್ಲ, ಸಿಕ್ಕದ್ದು ಜಾರುತ್ತಿತ್ತು. ಅವಳು ಬಿಡದೆ ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ತಂದು ಹಿಡಿದಳು.

“ಹೆದ್ರಿಕೆ ಇಲ್ಲಲ್ಲ ನಿಂಗೆ?” ಎಂದಳು.

ನಾನು ಬಾಯಿ ತೆರೆದೆ. ಸಾರು ಉಪ್ಪಿನ ಕಲ್ಲಾಗಿತ್ತು. ಚೆನ್ನಾಗಿದೆ ಎಂದೆ, ಇನ್ನೊಂದು ತುತ್ತು ಹಾಕು ಎಂದೆ, ತಟ್ಟೆ ಖಾಲಿಯಾಗುವವರೆಗೂ ಅವಳ ಕೈಯಿಂದಲೇ ಉಂಡೆ.